ಕಾಡಿನೊಂದಿಗೆ ಮರೆಯಾದ ಜೀರುಂಡೆ



ದಕ್ಷಿಣ ಅಟ್ಲಾಂಟಿಕ್ ಸಾಗರದ ಮಧ್ಯದಲ್ಲಿ ಸೇಂಟ್ ಹೆಲೀನಾ ಎಂಬ ಪುಟ್ಟ ದ್ವೀಪವಿದೆ. ಅದರ ವಿಸ್ತೀರ್ಣ ಸುಮಾರು 122 ಚದರ ಕಿಲೋಮೀಟರ್. ನೆಪೋಲಿಯನ್ ಸೆರೆಯಲ್ಲಿದ್ದು 1821ರಲ್ಲಿ ಮಡಿದ ನೆಲವೆಂದು ಲೋಕ ಅದನ್ನು ಬಲ್ಲದು. ಆದರೆ ಜಗತ್ತಿನ ಬೇರೆಲ್ಲಿಯೂ ಇಲ್ಲದ 400ಕ್ಕೂ ಹೆಚ್ಚು ಬಗೆಯ ಕೀಟ, ಜೇಡ, ಬಸವನಹುಳುಗಳಂಥ ಸಣ್ಣ ಜೀವಿಗಳ ತವರೂ ಅದೇ.

ಅವುಗಳಲ್ಲೊಂದು ಅಪ್ಲೊಥೊರಾಕ್ಸ್ ಬರ್ಚೆಲ್ಲಿ ಎಂಬ ದೊಡ್ಡ ಕಪ್ಪು ನೆಲಜೀರುಂಡೆ. 19ನೆಯ ಶತಮಾನದ ಆರಂಭದಲ್ಲಿ ಆ ದ್ವೀಪದಲ್ಲಿ ನೆಲೆಸಿದ್ದ ನಿಸರ್ಗ ವಿಜ್ಞಾನಿ ವಿಲಿಯಂ ಬರ್ಚೆಲ್ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಹಾರಲು ಮರೆತ ಈ ಕೀಟಕ್ಕೆ ನೆಲವೇ ಬದುಕು. ನೆಲ ಕೆಟ್ಟರೆ ಬೇರೆಡೆಗೆ ಹೋಗುವ ದಾರಿ ಅದಕ್ಕಿರಲಿಲ್ಲ.

ಆ ನೆಲ ಕೆಟ್ಟುದು ಹೇಗೆ? ದ್ವೀಪದ ಈಶಾನ್ಯಕ್ಕೆ 'ಮಹಾವನ'ವೆಂದೇ ಹೆಸರಾದ ಗಮ್‌ವುಡ್ ಕಾಡಿತ್ತು. 16ನೆಯ ಶತಮಾನದಲ್ಲಿ ಪೋರ್ಚುಗೀಸ್ ನಾವಿಕರು ಆಹಾರಕ್ಕಾಗಿ ಬಿಟ್ಟ ಆಡುಗಳು ಲೆಕ್ಕವಿಲ್ಲದಷ್ಟು ಬೆಳೆದವು. ದೊಡ್ಡ ಮರಗಳು ನಿಂತೇ ಇದ್ದುದರಿಂದ ಕಾಡು ಕ್ಷೇಮವೆಂದೇ ತೋರುತ್ತಿತ್ತು. ಆದರೆ ಎಳೆಯ ಸಸಿಗಳು ಒಂದೂ ಉಳಿಯುತ್ತಿರಲಿಲ್ಲ. 1836ರಲ್ಲಿ ಅಲ್ಲಿಗೆ ಬಂದ ಚಾರ್ಲ್ಸ್ ಡಾರ್ವಿನ್ ಈ ಕಥೆಯನ್ನು ದಾಖಲಿಸಿದ್ದಾರೆ: 1716ರಲ್ಲಿಯೂ ಮರಗಳು ಹೇರಳವಾಗಿದ್ದವು, 1724ರ ವೇಳೆಗೆ ಮುದಿಮರಗಳು ಬಹುಪಾಲು ಉರುಳಿದ್ದವು, ಅಂಡಲೆಯುವ ಪ್ರಾಣಿಗಳನ್ನು ಕೊಲ್ಲಲು 1731ರಲ್ಲಿ ಆಜ್ಞೆ ಹೊರಟಾಗ ಕಾಲ ಮಿಂಚಿತ್ತು. ಅಲ್ಲಿನ ಮಣ್ಣಿನಲ್ಲಿ ಡಾರ್ವಿನ್ನರಿಗೆ ದೊರೆತದ್ದು ಕಾಡಿನೊಡನೆ ಅಳಿದ ಬಸವನಹುಳುಗಳ ಬರಿಯ ಚಿಪ್ಪುಗಳು.

ಅನಂತರ ಎತ್ತರದ ಇಳಿಜಾರುಗಳನ್ನು ನಾರಿಗಾಗಿ ಬೆಳೆದ ನ್ಯೂಜಿಲೆಂಡ್ ಫ್ಲಾಕ್ಸ್ ತೋಟಗಳು ಆವರಿಸಿದವು. ಹಡಗುಗಳಲ್ಲಿ ಬಂದ ಇಲಿಗಳೂ ನೆಲೆಯೂರಿದವು. ಇಷ್ಟಾದರೂ ಜೀರುಂಡೆ ಹೇಗೋ ಉಳಿದುಕೊಂಡಿತ್ತು. 1960ರ ದಶಕದಲ್ಲಿ ಬೆಲ್ಜಿಯಂ ವಿಜ್ಞಾನಿಗಳ ತಂಡ ದ್ವೀಪದ ಜೀವಿಗಳನ್ನು ವಿವರವಾಗಿ ಸಮೀಕ್ಷಿಸಿತು. ಆ ದಶಕದ ಅನಂತರ ಅದನ್ನು ಜೀವಂತವಾಗಿ ಕಂಡವರಿಲ್ಲ.

2000ದಲ್ಲಿ ದ್ವೀಪವಾಸಿಗಳು ಮಹಾವನವಿದ್ದ ಬರಡು ಭೂಮಿಯಲ್ಲಿ ಗಮ್‌ವುಡ್ ಸಸಿಗಳನ್ನು ನೆಡತೊಡಗಿದರು. ಅದು ಶ್ಲಾಘ್ಯ ಕಾರ್ಯ. ಸಸಿ ನೆಟ್ಟರೆ ಮರ ಬಂದೀತು. ಆದರೆ ಅಳಿದ ಜೀವಿಯನ್ನು ನೆಟ್ಟು ಬೆಳೆಸಲಾಗದು.

ಕಾಡಿನ ಆರೋಗ್ಯವನ್ನು ಮರದ ನೆತ್ತಿ ನೋಡಿ ಅಳೆಯುವುದು ವಾಡಿಕೆ. ಸೇಂಟ್ ಹೆಲೀನಾ ಕಲಿಸುವುದು ಬೇರೆ ಪಾಠ. ಘಟ್ಟದ ಕಾಡಿಗೆ ಹೋದಾಗ ತಲೆ ತಗ್ಗಿಸಿ ಬುಡವನ್ನೂ ನೋಡಿರಿ. ಅಲ್ಲಿ ಎಳೆಯ ಸಸಿಗಳಿವೆಯೇ? ತರಗೆಲೆಯಡಿ ಜೀವ ಮಿಸುಕುತ್ತಿದೆಯೇ? ಇಲ್ಲವೆಂದಾದರೆ, ನಿಂತಿರುವ ಮರಗಳು ಕಾಡಿನ ಕೊನೆಯ ತಲೆಮಾರು ಎಂದೇ ತಿಳಿಯಬೇಕು.