ಎಲ್ಲಿ ಎಂದವರು ಯಾವಾಗ ಎಂದೂ ಹೇಳಬೇಕು

ಹಿಂದಿನ ಸಾಲಿನಲ್ಲಿ ಬೋರ್ಡುಗಳನ್ನು ಮಡಿಲಲ್ಲಿಟ್ಟುಕೊಂಡೇ ಕೂತಿರುವ ವಿದ್ಯಾರ್ಥಿಗಳೆ,

ಒಂದು ಮೈಕ್ರೊಕಂಟ್ರೋಲರ್ ಬೋರ್ಡಿನಲ್ಲಿರುವ ಜಿಪಿಎಸ್ ಮಾಹಿತಿಯನ್ನು ಇನ್ನೊಂದಕ್ಕೆ ದಾಟಿಸುವುದಕ್ಕೆ ಎರಡು ದಿನದ ವಿಚಾರಸಂಕಿರಣವೇ? ಆಹ್ವಾನ ಪತ್ರಿಕೆ ನೋಡಿದ ನನ್ನ ಸಹೋದ್ಯೋಗಿಯೊಬ್ಬರು ಹೀಗೆ ಕೇಳಿದರು. "ಇದರ ಟಿಎಕ್ಸ್ ಅದರ ಆರ್‌ಎಕ್ಸ್‌ಗೆ, ಗ್ರೌಂಡಿಗೆ ಗ್ರೌಂಡು. ಮುಗೀತಲ್ಲ ಸಾರ್?" ತಂತಿಯ ಮಟ್ಟಿಗೆ ಮುಗಿಯಿತು, ನಿಜ. ಐದು ವೋಲ್ಟಿನ ಊನೊ ಬೋರ್ಡನ್ನು 3.3 ವೋಲ್ಟಿನ ಇಎಸ್‌ಪಿ32ಕ್ಕೆ ನೇರವಾಗಿ ಸಿಕ್ಕಿಸಿ ಪಿನ್ನು ಸುಡದಿದ್ದರೆ!

ತಂತಿಯ ಆಚೆಗಿನ ಕಥೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಹುಡುಗರು ಬೆಂಗಳೂರಿನಲ್ಲಿ ಒಂದು ಬಸ್ಸಿಗೆ 'ಮುಂದಿನ ನಿಲ್ದಾಣ' ತೋರಿಸುವ ಪರದೆ ಮಾಡಿದರು. ಡ್ರೈವರ್ ಪಕ್ಕದಲ್ಲಿ ಎಸ್.ಪಿ. ರೋಡಿನಿಂದ ತಂದ ನಿಯೋ-6ಎಂ ಮಾಡ್ಯೂಲು, ಅದನ್ನು ಓದುವ ಊನೊ. ಪರದೆಯ ಹಿಂದೆ ಇಎಸ್‌ಪಿ32. ಮೊದಲ ದಿನ ಬಸ್ಸು ವಿಧಾನಸೌಧದ ಮುಂದೆ ನಿಂತಿದೆ. ನಕ್ಷೆಯಲ್ಲಿ ನೋಡಿದರೆ ಸುಮಾರು 50 ಕಿ.ಮೀ. ನೈಋತ್ಯಕ್ಕೆ, ಕನಕಪುರದ ಹತ್ತಿರದ ಹೊಲಗಳಲ್ಲಿ!

ಕಾರಣ ಸಣ್ಣದು. ಮಾಡ್ಯೂಲು ಮಾತಾಡುವುದು ಎನ್‌ಎಂಇಎ 0183 ಎಂಬ ಭಾಷೆ. ಅದು ಹುಟ್ಟಿದ್ದು ಹಡಗುಗಳಿಗಾಗಿ, ಹಾಗಾಗಿ ನಾವಿಕರ ರೂಢಿಯಂತೆ ಡಿಗ್ರಿ ಮತ್ತು ಮಿನಿಟುಗಳನ್ನು ಒಟ್ಟಿಗೆ ಅಂಟಿಸಿ ಬರೆಯುತ್ತದೆ. ವಿಧಾನಸೌಧದ ಅಕ್ಷಾಂಶ ಅದರಲ್ಲಿ 1258.782. ಎಂದರೆ 12 ಡಿಗ್ರಿ, 58.782 ಮಿನಿಟು. ಆ ಮಿನಿಟನ್ನು 60ರಿಂದ ಭಾಗಿಸಿ ಕೂಡಿಸಿದರೆ 12.9797. ನಮ್ಮವರು ಭಾಗಿಸಲಿಲ್ಲ, ಚುಕ್ಕೆಯನ್ನು ಎರಡು ಮನೆ ಎಡಕ್ಕೆ ಸರಿಸಿ 12.58782 ಎಂದು ಓದಿಕೊಂಡರು. ರೇಖಾಂಶಕ್ಕೂ ಅದೇ ಗತಿ. ತಪ್ಪು ಎಲ್ಲ ಕಡೆ ಒಂದೇ ಸಮನಾಗಿದ್ದಿದ್ದರೆ ಅಷ್ಟನ್ನು ಕಳೆದು ಸುಮ್ಮನಾಗುತ್ತಿದ್ದರೇನೋ. ಆದರೆ 13 ಡಿಗ್ರಿ ಅಕ್ಷಾಂಶ ಹಾದುಹೋಗುವುದು ಬೆಂಗಳೂರು ಅರಮನೆಯ ಹತ್ತಿರವೇ. ಬಸ್ಸು ಅದನ್ನು ದಾಟಿ ಮೇಖ್ರಿ ಸರ್ಕಲ್ ಕಡೆ ಹೊರಳಿದ್ದೇ ತಡ, 1259.999 ಹೋಗಿ 1300.000 ಬಂತು, ನಕ್ಷೆಯ ಬಸ್ಸು ಒಂದೇ ನೆಗೆತಕ್ಕೆ 44 ಕಿ.ಮೀ. ಉತ್ತರಕ್ಕೆ ಹಾರಿತು. ಹುಡುಗರು ಇಡೀ ದಿನ ಆಂಟೆನಾವನ್ನು ಬೈದರು. ಪಾಪ, ಅದು ಸರಿಯಾಗಿಯೇ ಹೇಳಿತ್ತು.

ಅದನ್ನು ತಿದ್ದಿದ ಮೇಲೆ ಇನ್ನೊಂದು. ಊನೊದಲ್ಲಿ ಒಂದು ಸ್ಟ್ರಕ್ಟ್ ತುಂಬಿ, ಅದರ ಬೈಟುಗಳನ್ನು ಹಾಗೇ ಇಎಸ್‌ಪಿ32ಕ್ಕೆ ಸುರಿದರು. ಊನೊದಲ್ಲಿ 'ಇಂಟ್' ಎಂದರೆ 2 ಬೈಟು, ಅಲ್ಲಿ 4. 'ಡಬಲ್' ಇಲ್ಲಿ 4, ಅಲ್ಲಿ 8. ಹಿಂದೆ ಊರಿಗೊಂದು ಸೇರು ಇತ್ತಲ್ಲ, ಹಾಗೆ. ಹೆಸರು ಒಂದೇ, ಹಿಡಿಯುವ ಅಕ್ಕಿ ಬೇರೆ. ಸಂತೆಗೆ ಹೋದವರು ಯಾವ ಊರಿನ ಸೇರು ಎಂದು ಮೊದಲು ಕೇಳುತ್ತಿದ್ದರು, ನಾವು ಕೇಳುವುದಿಲ್ಲ.

ಇದಕ್ಕೆ ನನಗೆ ಇಷ್ಟವಾದ ದಾರಿ ದಶಾಂಶವನ್ನೇ ಬಿಟ್ಟುಬಿಡುವುದು. ಡಿಗ್ರಿಯನ್ನು ಒಂದು ಕೋಟಿಯಿಂದ ಗುಣಿಸಿ ಪೂರ್ಣಾಂಕವಾಗಿ ಕಳಿಸಿ. ಅತಿ ದೊಡ್ಡ ರೇಖಾಂಶ 180 ಡಿಗ್ರಿ, ಅಂದರೆ 180 ಕೋಟಿ. 32 ಬಿಟ್ಟಿನ ಪೂರ್ಣಾಂಕ ಧನ-ಋಣ ಎರಡೂ ಕಡೆ 214 ಕೋಟಿಯವರೆಗೆ ಹಿಡಿಯುತ್ತದೆ. ಒಂದೊಂದು ಮೆಟ್ಟಿಲು ನೆಲದ ಮೇಲೆ ಸುಮಾರು 1.1 ಸೆಂ.ಮೀ. ಊನೊದ ಫ್ಲೋಟಿನಲ್ಲಾದರೆ ನಮ್ಮ 77 ಡಿಗ್ರಿ ರೇಖಾಂಶದಲ್ಲಿ ಮೆಟ್ಟಿಲು 80 ಸೆಂ.ಮೀ. ದಾಟುತ್ತದೆ. ಅಕ್ಷಾಂಶಕ್ಕೆ 4 ಬೈಟು, ರೇಖಾಂಶಕ್ಕೆ 4, ಒಟ್ಟು 8. ವಾಹನಗಳೊಳಗಿನ ಕ್ಯಾನ್ ಜಾಲದ ಮಾಮೂಲಿ ಫ್ರೇಮೊಂದರಲ್ಲಿ ಹಿಡಿಯುವುದೂ ಸರಿಯಾಗಿ 8 ಬೈಟು. ದೋಣಿಗಳ ಎನ್‌ಎಂಇಎ 2000 ಪದ್ಧತಿಯಲ್ಲಿ ಸ್ಥಾನದ ಸಂದೇಶ ಹೀಗೇ ಹೋಗುತ್ತದೆ. ಎಷ್ಟು ಅಚ್ಚುಕಟ್ಟು ನೋಡಿ.

ಆದರೆ ಇಷ್ಟು ಅಚ್ಚುಕಟ್ಟಾದ ಸಂಖ್ಯೆಯೂ ಸುಳ್ಳು ಹೇಳಬಲ್ಲದು. ನಾನು ಇಲ್ಲಿಗೆ ಬಂದದ್ದು ಮುಖ್ಯವಾಗಿ ಇದನ್ನು ಹೇಳಲು. ಅದೇ ಬಸ್ಸಿನಲ್ಲಿ ಒಂದು ದಿನ ಆಂಟೆನಾದ ಜೋಡಣೆ ಸಡಿಲವಾಯಿತು. ಪರದೆ ಕಪ್ಪಾಗಲಿಲ್ಲ, ದೋಷ ಎಂದೂ ಬರೆಯಲಿಲ್ಲ. ಅರ್ಧ ದಿನ 'ಮುಂದಿನ ನಿಲ್ದಾಣ: ವಿಧಾನಸೌಧ' ಎನ್ನುತ್ತಲೇ ಇತ್ತು. ಊನೊ ತನ್ನ ಬಳಿ ಉಳಿದಿದ್ದ ಕೊನೆಯ ಸಂಖ್ಯೆಯನ್ನು ಪ್ರತಿ ಸೆಕೆಂಡಿಗೂ ನಿಷ್ಠೆಯಿಂದ ಕಳಿಸುತ್ತಿತ್ತು. ಪಡೆದ ಬೋರ್ಡು ನೋಡಿದ್ದು ಸಂದೇಶ ಬಂತೇ ಎಂದು ಮಾತ್ರ. ಸಂದೇಶ ಹೊಸದು, ಒಳಗಿನ ಸುದ್ದಿ ಹಳಸಲು.

ಮಾಡ್ಯೂಲು ಇದನ್ನು ಮುಚ್ಚಿಟ್ಟಿರಲಿಲ್ಲ. ಆರ್‌ಎಂಸಿ ಎಂಬ ಸಾಲಿನಲ್ಲಿ ಸಮಯವಾದ ತಕ್ಷಣ ಒಂದು ಅಕ್ಷರ ಬರುತ್ತದೆ: 'ಎ' ಇದ್ದರೆ ನಂಬಬಹುದು, 'ವಿ' ಇದ್ದರೆ ಎಚ್ಚರ. ಜಿಜಿಎ ಸಾಲಿನಲ್ಲಿ ಎಷ್ಟು ಉಪಗ್ರಹ ಬಳಸಿದೆ, ಅವು ಆಕಾಶದಲ್ಲಿ ಹೇಗೆ ಹರಡಿಕೊಂಡಿವೆ ಎಂಬುದರ ಅಂದಾಜೂ ಇರುತ್ತದೆ. ಅಕ್ಷಾಂಶ ರೇಖಾಂಶಗಳನ್ನು ಹೆಕ್ಕಿಕೊಂಡು ಉಳಿದದ್ದನ್ನು ಕಸಕ್ಕೆ ಹಾಕಿದವರು ನಾವು. ನಮ್ಮ ಹಳ್ಳಿಗಳಲ್ಲಿ ದಾರಿ ಕೇಳಿದರೆ 'ಒಂದು ಕೂಗಳತೆ' ಎನ್ನುತ್ತಾರೆ. ಅದು ಅಂದಾಜು ಎಂಬುದು ಆ ಮಾತಿನಲ್ಲೇ ಇದೆ. ಏಳು ದಶಾಂಶದ ಸಂಖ್ಯೆಗೆ ಅಷ್ಟು ಪ್ರಾಮಾಣಿಕತೆ ಇಲ್ಲ. ಬಯಲಿನಲ್ಲೇ ಎರಡು ಮೂರು ಮೀಟರ್ ಆಚೀಚೆ ಆಗುವ ಮಾಡ್ಯೂಲಿನಿಂದ ಬಂದು ಸೆಂಟಿಮೀಟರಿನ ಠೀವಿ ತೋರಿಸುತ್ತದೆ.

ಹಾಗಾಗಿ ಸ್ಥಾನದ ಜೊತೆ ಅದು ಸಿಕ್ಕ ಹೊತ್ತು, 'ಎ'ಯೋ 'ವಿ'ಯೋ ಎಂಬ ಗುರುತು, ಒಂದು ಕ್ರಮಸಂಖ್ಯೆ, ಕೊನೆಗೆ ಚೆಕ್‌ಸಮ್ಮು ಹೋಗಲಿ. ಎಲ್ಲ ಸೇರಿ 20 ಬೈಟಿನೊಳಗೆ ಮುಗಿಯುತ್ತದೆ. ಲೋರಾದಲ್ಲಿ 865–867 ಮೆಗಾಹರ್ಟ್ಸ್‌ನಲ್ಲಿ ಕಳಿಸುವವರಿಗೂ ಅದು ಭಾರವಲ್ಲ. ಎಷ್ಟು ಹಳತಾದ ಮೇಲೆ ಪರದೆ 'ಗೊತ್ತಿಲ್ಲ' ಎನ್ನಬೇಕೆಂದು ಪಡೆಯುವ ಬೋರ್ಡೇ ತೀರ್ಮಾನಿಸಲಿ. ಬಸ್ಸಿಗೆ ಹತ್ತು ಸೆಕೆಂಡು ಸಾಕು, ಮೇಯಲು ಬಿಟ್ಟ ಹಸುವಿನ ಕೊರಳಪಟ್ಟಿಗೆ ಹತ್ತು ನಿಮಿಷವಾದರೂ ನಡೆದೀತು.

ನಮ್ಮದೇ ಪಥದರ್ಶಕ ಉಪಗ್ರಹ ವ್ಯವಸ್ಥೆಯಾದ ನಾವಿಕ್ ಬಗ್ಗೆ ಒಂದು ಮಾತು. ಅದರ ಮೊದಲ ಉಪಗ್ರಹ ಹೋದದ್ದು 2013ರ ಜುಲೈ 1ರಂದು. ಇಸ್ರೋದ ಪಥದರ್ಶಕ ಕೇಂದ್ರ ಇರುವುದು ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01, ಅಗ್ಗದ ಗ್ರಾಹಕಗಳೂ ಆಲಿಸುವ ಎಲ್1 ಪಟ್ಟಿಯಲ್ಲಿ ಮಾತಾಡುತ್ತದೆ. ಹೀಗೆ ಜಿಪಿಎಸ್ ಜೊತೆ ಬೇರೆ ವ್ಯವಸ್ಥೆಗಳನ್ನೂ ಒಟ್ಟಿಗೆ ಕೇಳುವ ಮಾಡ್ಯೂಲು ಸಾಲಿನ ಆರಂಭದಲ್ಲಿ 'ಜಿಪಿ' ಬದಲು 'ಜಿಎನ್' ಎಂದು ಬರೆಯುತ್ತದೆ. 'ಜಿಪಿಆರ್‌ಎಂಸಿ'ಯನ್ನಷ್ಟೇ ಹುಡುಕುವ ನಮ್ಮ ಹಳೆಯ ಕೋಡಿಗೆ ಆಗ ಏನೂ ಕೇಳಿಸುವುದಿಲ್ಲ. ಹೊಸ ಮಾಡ್ಯೂಲು ಕೆಟ್ಟಿದೆ ಎಂದು ಅಂಗಡಿಗೆ ಹಿಂತಿರುಗಿಸಿದವರನ್ನು ನೋಡಿದ್ದೇನೆ.

ಇಲ್ಲಿನ ಪ್ರಾಜೆಕ್ಟ್ ವರದಿಗಳನ್ನು ನಿನ್ನೆ ಸಂಜೆ ತಿರುವಿದೆ. ಎಲ್ಲದರಲ್ಲೂ ಪಿನ್ ಜೋಡಣೆಯ ಬಣ್ಣದ ಚಿತ್ರ ಇದೆ. ಯಾವ ಬೈಟು ಯಾವುದಕ್ಕೆ, ಯಾವ ಅಳತೆಯಲ್ಲಿ ಎಂಬ ಒಂದು ಪುಟ ಯಾವುದರಲ್ಲೂ ಇಲ್ಲ. ನಾಳೆ ಸಂಜೆಯೊಳಗೆ ಪ್ರತಿ ತಂಡವೂ ಅದನ್ನು ಬರೆಯಲಿ. ಬರೆದು ಪಕ್ಕದ ತಂಡಕ್ಕೆ ಕೊಡಿ, ಕೋಡು ಮಾತ್ರ ಕೊಡಬೇಡಿ. ಆ ಪುಟವೊಂದನ್ನೇ ನೋಡಿ ಅವರ ಬೋರ್ಡು ನಿಮ್ಮ ಬೋರ್ಡಿನ ಜಾಗ ಹೇಳಬೇಕು. ಆಮೇಲೆ ನಿಮ್ಮ ಆಂಟೆನಾ ಕಿತ್ತು, ಅವರ ಪರದೆ ಎಷ್ಟು ಹೊತ್ತಿಗೆ 'ಗೊತ್ತಿಲ್ಲ' ಎನ್ನುತ್ತದೆಂದು ಗಡಿಯಾರ ಹಿಡಿದು ನೋಡಿ.

ಅದಕ್ಕೆ ಮೊದಲು ಮಾಡ್ಯೂಲಿಗೆ ತನ್ನ ಜಾಗ ಗೊತ್ತಾಗಬೇಕು, ಅಂದರೆ ಫಿಕ್ಸ್ ಸಿಗಬೇಕು. ಜಿಪಿಎಸ್ ಉಪಗ್ರಹಗಳು ತಮ್ಮ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತವೆ, ಅದು ಕೇಳಿಸುವುದು ಆಕಾಶ ಕಂಡರೆ. ಈ ಸಭಾಂಗಣದ ಕಾಂಕ್ರೀಟಿನ ಕೆಳಗೆ ಇನ್ನೂ ತಡವಾದೀತು. ಕಾಫಿಗೆ ಹೋಗುವಾಗ ಮಾಡ್ಯೂಲುಗಳಿಗೆ ಪವರ್ ಕೊಟ್ಟು ಹೊರಗಿನ ಕಟ್ಟೆಯ ಮೇಲೆ ಇಟ್ಟು ಹೋಗಿ. ನೀವು ಬರುವಷ್ಟರಲ್ಲಿ ಫಿಕ್ಸ್ ಸಿಕ್ಕಿರುತ್ತದೆ.