ಕಂಪ್ರೆಸರ್ ಟ್ಯಾಂಕ್ ತೂತಾದರೆ ವೆಲ್ಡಿಂಗ್ ಮಾಡಿಸಬಹುದಾ?

ಕಳೆದ ಸಂಚಿಕೆಯಲ್ಲಿ ಮನೆಯಿಂದಲೇ ನಡೆಸೋ ಸಣ್ಣ ಉದ್ಯೋಗಗಳ ಖರ್ಚಿನ ಬಗ್ಗೆ ಮಾತಾಡಿದ್ವಿ. ಅದನ್ನ ಕೇಳಿ ಶಿವಮೊಗ್ಗ ಕಡೆಯ ಅಕ್ಕ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಮನೆ ಪಕ್ಕದ ಶೆಡ್ಡಿನಲ್ಲಿ ಗಣಪತಿ ಮೂರ್ತಿಗಳಿಗೆ ಸ್ಪ್ರೇ ಗನ್‌ನಲ್ಲಿ ಬಣ್ಣ ಹೊಡೀತಾರಂತೆ. 24 ಲೀಟರ್ ಟ್ಯಾಂಕಿನ ಕಂಪ್ರೆಸರ್. ಈಗ ಗಾಳಿ ತುಂಬೋಕೆ ಮೊದಲಿನ ಎರಡು ಪಟ್ಟು ಹೊತ್ತು ಬೇಕು, ಆಫ್ ಮಾಡಿದ ಮೇಲೂ ಸುಯ್ ಅಂತಾನೇ ಇರುತ್ತೆ, ಟ್ಯಾಂಕಿನ ಅಡಿಯಲ್ಲಿ ಸೂಜಿಮೊನೆಯಷ್ಟು ತೂತು ಕಾಣಿಸ್ತಿದೆ. ಪಕ್ಕದ ವೆಲ್ಡಿಂಗ್ ಅಂಗಡಿಯವರು ‘ಒಂದು ಪ್ಯಾಚ್ ಹಾಕಿಕೊಡ್ತೀನಿ ಬಿಡಿ’ ಅಂದಿದ್ದಾರೆ. ಹಬ್ಬ ಹತ್ತಿರ ಬರ್ತಿದೆ. ಪ್ಯಾಚ್ ಹಾಕಿಸಲಾ, ಹೊಸದು ತಗೊಳ್ಳಲಾ ಅಂತ ಕೇಳಿದ್ದಾರೆ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಅಕ್ಕಾ, ಪ್ಯಾಚ್ ಹಾಕಿಸಬೇಡಿ. ಇವತ್ತಿನಿಂದಲೇ ಆ ಮಷಿನ್ ಆನ್ ಮಾಡಬೇಡಿ.

ಯಾಕೆ ಅಂತ ಹೇಳೋಕೆ ಮುಂಚೆ, ಟ್ಯಾಂಕ್ ಚೆನ್ನಾಗಿದ್ದು ಬೇರೆ ಏನೋ ಕೆಟ್ಟಿರೋರಿಗೆ ಎರಡು ಮಾತು. ಯಾಕಂದ್ರೆ ಕಂಪ್ರೆಸರ್ ಕೆಟ್ಟಿತು ಅಂದ ತಕ್ಷಣ ತುಂಬ ಜನ ಅದನ್ನ ಗುಜರಿಗೆ ಹಾಕ್ತಾರೆ, ಕೆಲವೇ ನೂರು ರೂಪಾಯಿಯ ಪಾರ್ಟ್ ಬದಲಿಸಿದ್ರೆ ಸರಿಹೋಗ್ತಿತ್ತು.

ಮೋಟಾರ್ ಗುಂಯ್ ಅಂತಿದೆ, ತಿರುಗ್ತಿಲ್ಲ ಅಂತಿಟ್ಕೊಳ್ಳಿ. ತಕ್ಷಣ ಆಫ್ ಮಾಡಿ, ಹಾಗೇ ಬಿಟ್ಟರೆ ವೈಂಡಿಂಗ್ ಸುಟ್ಟುಹೋಗುತ್ತೆ. ಆಮೇಲೆ ಟ್ಯಾಂಕಿನ ಗಾಳಿ ಪೂರ್ತಿ ಬಿಟ್ಟು ಇನ್ನೊಂದು ಸಲ ಆನ್ ಮಾಡಿ. ಖಾಲಿ ಟ್ಯಾಂಕ್ ಇದ್ದಾಗ ಸಲೀಸಾಗಿ ತಿರುಗಿತಾ? ಹಾಗಾದ್ರೆ ಮೋಟಾರ್ ಬಹುತೇಕ ಸರಿಯಿದೆ, ಹಳೇ ಒತ್ತಡ ಪಿಸ್ಟನ್ ಮೇಲೆ ಕೂತಿದೆ ಅಂತ ಅರ್ಥ. ಖಾಲಿ ಇದ್ದಾಗಲೂ ಗುಂಯ್ ಅಂದ್ರೆ ಕೆಪ್ಯಾಸಿಟರ್ ನೋಡಿಸಿ. ನಮ್ಮ ಕಡೆ ಇದನ್ನ ಕಂಡೆನ್ಸರ್ ಅಂತಲೂ ಕರೀತಾರೆ. ಅದರಲ್ಲಿ ಕರೆಂಟ್ ಉಳಿದಿರುತ್ತೆ, ನೀವೇ ಬಿಚ್ಚೋಕೆ ಹೋಗಬೇಡಿ. ಅದಕ್ಕೂ ಮುಂಚೆ ವೈರ್ ನೋಡಿ. 2 ಎಚ್‌ಪಿ ಅಂದ್ರೆ ಸುಮಾರು 1.5 ಕಿಲೋವ್ಯಾಟ್, ಸ್ಟಾರ್ಟ್ ಆಗೋವಾಗ ಅದರ ಹಲವು ಪಟ್ಟು ಕರೆಂಟ್ ಎಳೆಯುತ್ತೆ. ಟಿವಿಗೆ ಹಾಕೋ ಸಣ್ಣ ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಅದನ್ನ ಓಡಿಸಿದ್ರೆ ಮೋಟಾರ್‌ಗೆ ವೋಲ್ಟೇಜೇ ಸಿಗಲ್ಲ. ಗೀಸರ್‌ಗೆ ಇರೋ ಥರ 16 ಆಂಪ್ ಸಾಕೆಟ್ ಬೇಕು.

ಮೋಟಾರ್ ಓಡ್ತಿದೆ, ಆದ್ರೆ ಗಾಳಿ ಏರ್ತಿಲ್ಲ ಅನ್ನೋರು ಒಂದು ಕೆಲಸ ಮಾಡಿ. ಎಷ್ಟು ಏರುತ್ತೋ ಅಷ್ಟು ತುಂಬಿಸಿ, ಆಫ್ ಮಾಡಿ, ಪ್ಲಗ್ ತೆಗೆದು, ಮೀಟರ್ ನೋಡ್ತಾ ಕೂತ್ಕೊಳ್ಳಿ. ಮುಳ್ಳು ಇಳೀತಾ ಹೋದ್ರೆ ಎಲ್ಲೋ ಲೀಕ್ ಇದೆ. ಸೋಪಿನ ನೀರನ್ನ ಎಲ್ಲ ಜಾಯಿಂಟ್‌ಗೂ ಹಚ್ಚಿ, ಗುಳ್ಳೆ ಬಂದ ಜಾಗ ಹಿಡೀರಿ. ಮುಳ್ಳು ಅಲ್ಲಾಡದೆ ನಿಂತಿದೆ, ಆದ್ರೂ ತುಂಬೋದು ನಿಧಾನ ಅಂದ್ರೆ ಮೇಲಿನ ಪಂಪ್ ಕಡೆ ತೊಂದರೆ. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಹೆಡ್ ಒಳಗಿನ ವಾಲ್ವ್ ಪ್ಲೇಟ್ ಅಥವಾ ಗ್ಯಾಸ್ಕೆಟ್ ಹೋಗಿರಬಹುದು, ರಿಂಗ್ ಸವೆದಿರಬಹುದು. ಫಿಲ್ಟರ್ ಮೊದಲು ನೋಡಿ, ಅದಕ್ಕೆ ದುಡ್ಡೇ ಬೇಡ.

ಇನ್ನು ಆ ಸುಯ್ ಶಬ್ದ. ಮೋಟಾರ್ ನಿಂತಾಗ ಪ್ರೆಷರ್ ಸ್ವಿಚ್ ಹತ್ತಿರ ಒಂದೆರಡು ಸೆಕೆಂಡ್ ಪುಸ್ ಅನ್ನೋದು ಸರಿಯಾದ ಲಕ್ಷಣ. ಪಂಪ್ ಮೇಲಿನ ಒತ್ತಡ ಬಿಡುಗಡೆ ಆಗ್ತಿದೆ ಅಷ್ಟೆ. ಆದ್ರೆ ಅಲ್ಲಿಂದ ಬಿಡದೇ ಗಾಳಿ ಹೋಗ್ತಿದ್ರೆ, ಟ್ಯಾಂಕಿನ ಬಾಯಲ್ಲಿರೋ ನಾನ್ ರಿಟರ್ನ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಟ್ಯಾಂಕ್ ಖಾಲಿ ಮಾಡಿಯೇ ಅದನ್ನ ಬಿಚ್ಚಬೇಕು. ಬಹಳ ಸಲ ಒಳಗೆ ಕಸ ಸಿಕ್ಕಿರುತ್ತೆ, ಒರೆಸಿ ಹಾಕಿದ್ರೆ ಸರಿಹೋಗುತ್ತೆ.

ಸರಿ, ಈಗ ಟ್ಯಾಂಕ್. ಗಾಳಿಯಲ್ಲಿ ತೇವ ಇದ್ದೇ ಇರುತ್ತೆ. ಆ ಗಾಳಿಯನ್ನ ಒತ್ತಿ ತುಂಬಿ, ಅದು ತಣ್ಣಗಾದಾಗ ನೀರು ಟ್ಯಾಂಕಿನ ತಳಕ್ಕೆ ಇಳಿಯುತ್ತೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಅದಕ್ಕೇ ಅಡಿಯಲ್ಲಿ ಡ್ರೈನ್ ಕೊಟ್ಟಿರೋದು. ದಿನದ ಕೆಲಸ ಮುಗಿದ ಮೇಲೆ ಅದನ್ನ ತೆರೆಯದೇ ಬಿಟ್ರೆ ಕಬ್ಬಿಣ ಒಳಗಿಂದ ತುಕ್ಕು ಹಿಡಿಯುತ್ತೆ. ಹೊರಗಿನ ಬಣ್ಣ ಮಾತ್ರ ಹೊಸದರ ಹಾಗೇ ಹೊಳೀತಾ ಇರುತ್ತೆ. ತೂತು ಕಾಣಿಸಿತು ಅಂದ್ರೆ ಅದೊಂದು ಜಾಗ ಹೋಗಿದೆ ಅಂತಲ್ಲ, ಅದರ ಸುತ್ತಲಿನ ತಗಡೂ ತೆಳ್ಳಗಾಗಿರುತ್ತೆ. ಪ್ಯಾಚ್ ತೂತನ್ನ ಮುಚ್ಚುತ್ತೆ, ತೆಳ್ಳಗಾದ ತಗಡನ್ನ ದಪ್ಪ ಮಾಡಲ್ಲ. ವೆಲ್ಡಿಂಗ್ ಬಿಸಿಗೆ ಪಕ್ಕದ ಜಾಗ ಇನ್ನಷ್ಟು ದುರ್ಬಲ ಆಗಬಹುದು. ಎಂ-ಸೀಲ್ ಹಚ್ಚೋದಂತೂ ಕೇಳಲೇಬೇಡಿ.

ಒಡೆದ್ರೆ ಏನಾಗುತ್ತೆ? 24 ಲೀಟರ್ ಟ್ಯಾಂಕಿನಲ್ಲಿ 8 ಬಾರ್, ಅಂದ್ರೆ ಸುಮಾರು 115 ಪಿಎಸ್‌ಐ ಒತ್ತಡ ಇದ್ದಾಗ, ಅದರೊಳಗೆ ಸುಮಾರು 25 ಸಾವಿರ ಜೂಲ್ ಶಕ್ತಿ ಇರುತ್ತೆ. 50 ಕೆಜಿ ಸಿಮೆಂಟ್ ಮೂಟೆಯನ್ನ 15 ಮಹಡಿ ಕಟ್ಟಡದ ತಾರಸಿಯಿಂದ ಕೆಳಗೆ ಬಿಟ್ಟ ಹಾಗೆ. ಅದು ಒಂದೇ ಕ್ಷಣದಲ್ಲಿ ಹೊರಗೆ ಬರುತ್ತೆ, ತಗಡಿನ ಚೂರುಗಳ ಜೊತೆ. ಅಕ್ಕ ಕೂತು ಬಣ್ಣ ಹೊಡೆಯೋದು ಅದರ ಪಕ್ಕದಲ್ಲೇ, ಮಕ್ಕಳು ಓಡಾಡೋದೂ ಅದೇ ಶೆಡ್ಡಿನಲ್ಲಿ. ಇಂಥ ಟ್ಯಾಂಕನ್ನ ಕ್ರಮವಾಗಿ ಪರೀಕ್ಷೆ ಮಾಡೋರು ಒಳಗೆ ನೀರು ತುಂಬಿಸಿ ಒತ್ತಡ ಕೊಡ್ತಾರೆ. ನೀರು ಗಾಳಿಯ ಹಾಗೆ ಕುಗ್ಗಲ್ಲ, ಟ್ಯಾಂಕ್ ಬಿರಿದ್ರೂ ಸಿಡಿಯಲ್ಲ. ಕಾರ್ಖಾನೆಗಳಿಗೆ 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ಒತ್ತಡದ ಯಂತ್ರಗಳ ಬಗ್ಗೆಯೇ 31ನೇ ಸೆಕ್ಷನ್ ಇತ್ತು. ಮನೆ ಶೆಡ್ಡಿಗೆ ಬಂದು ಯಾರೂ ತಪಾಸಣೆ ಮಾಡಲ್ಲ, ನಾವೇ ಮಾಡ್ಕೋಬೇಕು. ಹಾಗೇ ಇನ್ನೊಂದು: ಸೇಫ್ಟಿ ವಾಲ್ವ್ ಲೀಕ್ ಆಗ್ತಿದೆ ಅಂತ ಅದರ ಜಾಗಕ್ಕೆ ಬೋಲ್ಟ್ ಹಾಕೋರಿದ್ದಾರೆ. ದಯವಿಟ್ಟು ಬೇಡ. ಹೊಸ ವಾಲ್ವ್ ಹಾಕಿಸಿ.

‘ಇಷ್ಟು ದುಡ್ಡು ಹಾಕಿದೀನಿ, ಹೋದ ವರ್ಷ ತಾನೇ ರಿಂಗ್ ಹಾಕಿಸಿದ್ದು’ ಅಂತ ಅಕ್ಕ ಹೇಳಿದ್ರು. ಬಿಕಾಂನಲ್ಲಿ ನಮಗೆ ಕಲಿಸಿದ್ದರಲ್ಲಿ ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು ಇದೊಂದು: ಆಗಿಹೋದ ಖರ್ಚು ಮುಂದಿನ ಲೆಕ್ಕಕ್ಕೆ ಬರಬಾರದು. ಆದ್ರೆ ಮೋಟಾರ್, ಪಂಪ್, ಪ್ರೆಷರ್ ಸ್ವಿಚ್, ಹೋಸ್ ಇವಕ್ಕೆಲ್ಲ ಇನ್ನೂ ಬೆಲೆ ಇದೆ. ಬೆಲ್ಟ್ ಇರೋ ಮಾಡೆಲ್ ಆದ್ರೆ, ಅದೇ ಅಳತೆಯ ಹೊಸ ಟ್ಯಾಂಕ್ ಮೇಲೆ ಹಳೇ ಮೋಟಾರ್, ಪಂಪ್ ಕೂರಿಸಿಕೊಡೋ ಅಂಗಡಿ ಸಿಗುತ್ತಾ ವಿಚಾರಿಸಿ. ಸಿಗದಿದ್ರೆ ಬಿಡಿಬಿಡಿಯಾಗಿ ಮಾರಿ.

ಹೊಸದು ತಗೊಳ್ಳೋವಾಗ ಎಚ್‌ಪಿ ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ನಿಮ್ಮ ಸ್ಪ್ರೇ ಗನ್‌ಗೆ ನಿಮಿಷಕ್ಕೆ ಎಷ್ಟು ಗಾಳಿ ಬೇಕು ಅಂತ ಗನ್ ಬಾಕ್ಸ್ ಮೇಲೆ ಇರುತ್ತೆ. ಕಂಪ್ರೆಸರ್ ಅದಕ್ಕಿಂತ ಜಾಸ್ತಿ ಕೊಡಬೇಕು. 1 ಸಿಎಫ್‌ಎಂ ಅಂದ್ರೆ ಸುಮಾರು 28 ಲೀಟರ್. ಅಲ್ಲೂ ಒಂದು ಚಾಲಾಕಿತನ ಇದೆ: ಕೆಲವರು ಪಿಸ್ಟನ್ ಎಳೆದುಕೊಳ್ಳೋ ಗಾಳಿಯನ್ನ ಬರೀತಾರೆ, ಹೊರಗೆ ಬರೋದು ಅದಕ್ಕಿಂತ ಕಡಿಮೆ. ‘ಫ್ರೀ ಏರ್ ಡೆಲಿವರಿ ಎಷ್ಟು?’ ಅಂತಲೇ ಕೇಳಿ. ದೊಡ್ಡ ಟ್ಯಾಂಕ್ ಇದ್ದ ಮಾತ್ರಕ್ಕೆ ಗಾಳಿ ಜಾಸ್ತಿ ಉತ್ಪತ್ತಿ ಆಗಲ್ಲ, ಖಾಲಿ ಆಗೋದು ಸ್ವಲ್ಪ ತಡ ಆಗುತ್ತೆ ಅಷ್ಟೆ. ಬಿಲ್ ತಗೊಳ್ಳಿ, ವಾರಂಟಿ ಕಾರ್ಡಿಗೆ ಸೀಲ್ ಹಾಕಿಸಿ. ತಂದ ದಿನವೇ ಖಾಲಿ ಟ್ಯಾಂಕ್ ತುಂಬೋಕೆ ಎಷ್ಟು ನಿಮಿಷ ಹಿಡೀತು ಅಂತ ಮೊಬೈಲ್‌ನಲ್ಲಿ ನೋಡಿ, ಟ್ಯಾಂಕ್ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ಮುಂದೆ ಹೊತ್ತು ಹೆಚ್ಚಾದ್ರೆ ತಕ್ಷಣ ಗೊತ್ತಾಗುತ್ತೆ.

ಹಳೇ ಟ್ಯಾಂಕನ್ನ ಹಾಗೇ ಗುಜರಿಯವರಿಗೆ ಕೊಡಬೇಡಿ. ಗಾಳಿ ಪೂರ್ತಿ ಬಿಟ್ಟು, ಡ್ರೈನ್ ಬಿಚ್ಚಿ, ಡ್ರಿಲ್‌ನಲ್ಲಿ ದೊಡ್ಡದಾಗಿ ನಾಲ್ಕೈದು ತೂತು ಮಾಡಿಸಿ. ಇಲ್ಲದಿದ್ರೆ ಯಾರೋ ಪ್ಯಾಚ್ ಹಾಕಿ, ಬಣ್ಣ ಬಳಿದು, ಇನ್ಯಾರದೋ ಪಂಕ್ಚರ್ ಅಂಗಡಿಗೆ ಸೆಕೆಂಡ್ ಹ್ಯಾಂಡ್ ಅಂತ ಮಾರಿಬಿಡ್ತಾರೆ.

ಮುಂದಿನ ವಾರ ಇನ್ವರ್ಟರ್ ಬ್ಯಾಟರಿ ವಿಷಯ. ಅದರ ಬಗ್ಗೆ ಪ್ರಶ್ನೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ಸಿಗೋಣ.