ಮೇಜಿನ ಆಚೆ ಕುಳಿತವರ ಕಷ್ಟ

(ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೆಲಸ ಸಿಗುತ್ತಿಲ್ಲ ಎಂಬ ದೂರು ನಮ್ಮ ಪ್ರತಿ ಮನೆಯಲ್ಲೂ ಇದೆ. ತಕ್ಕ ಜನ ಸಿಗುತ್ತಿಲ್ಲ ಎಂಬ ದೂರು ಕಂಪೆನಿಗಳಲ್ಲಿದೆ. ಎರಡೂ ಏಕಕಾಲಕ್ಕೆ ನಿಜವಾಗಿರುವುದು ಹೇಗೆ? ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳನ್ನೇ ಮುಂದಿಟ್ಟುಕೊಂಡು ಇದನ್ನು ನೋಡೋಣ.

ಭಾರತದ ಇಂಜಿನಿಯರಿಂಗ್ ಪದವೀಧರರಲ್ಲಿ ಬಹುರಾಷ್ಟ್ರೀಯ ಕಂಪೆನಿಗಳಲ್ಲಿ ಕೆಲಸ ಮಾಡಲು ಯೋಗ್ಯರಾದವರು ಶೇಕಡಾ 25ರಷ್ಟು ಮಾತ್ರ ಎಂದು 2005ರಲ್ಲಿ ಮೆಕಿನ್ಸಿ ಸಂಸ್ಥೆಯ ಅಧ್ಯಯನವೊಂದು ಹೇಳಿತು. ಪದವಿ ಪತ್ರವನ್ನು ನಂಬಿ ಕೆಲಸ ಕೊಡುವಂತಿಲ್ಲ ಎಂದಾಯಿತು. ಇನ್ಫೋಸಿಸ್ ತನ್ನ ಹೊಸಬರಿಗೆ ಮೈಸೂರಿನ ಕ್ಯಾಂಪಸ್ಸಿನಲ್ಲಿ ತಿಂಗಳುಗಟ್ಟಲೆ ಪಾಠ ಹೇಳಿಸುವುದು ಇದೇ ಕಾರಣಕ್ಕೆ. ಈ ವಿಷಯದ ಮೇಲೆ ಸಾಕಷ್ಟು ಭಾಷಣಗಳಾಗಿವೆ, ನಾನು ಬೆಳೆಸುವುದಿಲ್ಲ.

ಇನ್ನೊಂದು ತೊಂದರೆ, ಆಯ್ಕೆಯಾದವರು ಬಾರದೇ ಇರುವುದು. ಅನುಭವಸ್ಥರು ಹಳೆಯ ಕಂಪೆನಿ ಬಿಡಲು ಅನೇಕ ಕಡೆ ಮೂರು ತಿಂಗಳ ನೋಟಿಸ್ ಕೊಡಬೇಕು. ಆ ಮೂರು ತಿಂಗಳಲ್ಲಿ ಒಂದು ಕಂಪೆನಿಯ ನೇಮಕಾತಿ ಪತ್ರವನ್ನು ಇನ್ನೊಂದಕ್ಕೆ ತೋರಿಸಿ ಹೆಚ್ಚಿನ ಸಂಬಳ ಕೇಳುತ್ತಾರೆ. ಸೇರಬೇಕಾದ ದಿನ ಕುರ್ಚಿ ಖಾಲಿ, ಫೋನ್ ಬಂದ್. 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್‌ನಲ್ಲಿ ಕೆಲಸ ಬಿಟ್ಟು ಹೋಗುವವರ ವಾರ್ಷಿಕ ಪ್ರಮಾಣ ಶೇಕಡಾ 28.4ಕ್ಕೆ ಏರಿತ್ತು. ಇದರ ಜೊತೆಗೆ ಸುಳ್ಳು ಅನುಭವ ಪತ್ರಗಳ ಹಾವಳಿ. ಹೀಗಾಗಿ ಮೇಜಿನ ಆಚೆ ಕುಳಿತವರು ಸಂಶಯದಿಂದಲೇ ಮಾತು ಶುರು ಮಾಡುತ್ತಾರೆ. ಪ್ರಾಮಾಣಿಕನಿಗೂ ಆ ಸಂಶಯದ ಬಿಸಿ ತಟ್ಟುತ್ತದೆ.

ಆದರೆ ಅವರ ದೊಡ್ಡ ಕಷ್ಟ ಅವರದೇ ಜರಡಿ. ಒಂದು ಹುದ್ದೆಗೆ ನೂರಾರು ಅರ್ಜಿ ಬಂದಾಗ ಎಲ್ಲವನ್ನೂ ಓದಲಾಗದು. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮೂರರಲ್ಲೂ ಶೇಕಡಾ 60 ಇರಬೇಕೆಂಬ ನಿಯಮ ಹುಟ್ಟುವುದು ಹಾಗೆ. ಅದು ಸಮಯ ಉಳಿಸುವ ಉಪಾಯವೇ ಹೊರತು ಪ್ರತಿಭೆಯ ಅಳತೆಯಲ್ಲ. ಹತ್ತನೆಯವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ಓದಿ, ಪಿಯುಸಿಯಲ್ಲಿ ಇಂಗ್ಲಿಷಿಗೆ ಎಡವಿ, ಪದವಿಯಲ್ಲಿ ಚೇತರಿಸಿಕೊಂಡ ಹುಡುಗಿ ಆ ಜರಡಿಯಿಂದ ಕೆಳಗೆ ಬಿದ್ದುಹೋಗುತ್ತಾಳೆ. ಅಂಥವಳು ಇದ್ದಳೆಂಬುದೇ ಕಂಪೆನಿಗೆ ಗೊತ್ತಾಗುವುದಿಲ್ಲ.

ಯಂತ್ರದ ಕೈಗೆ ಕೊಟ್ಟರೆ ಸರಿಹೋದೀತೇ? ಅಮೆಜಾನ್ ಕಂಪೆನಿ ಅಂಥ ಪ್ರಯತ್ನ ಮಾಡಿತ್ತು. ಹತ್ತು ವರ್ಷಗಳಲ್ಲಿ ಬಂದ ಅರ್ಜಿಗಳನ್ನು ನೋಡಿ ಯಂತ್ರ ಪಾಠ ಕಲಿಯಿತು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಮಹಿಳೆಯರ ಕ್ಲಬ್ಬು, ಮಹಿಳಾ ಕಾಲೇಜು ಎಂದು ಕಂಡರೆ ಅದು ಅಂಕ ಇಳಿಸತೊಡಗಿತು. ಕಂಪೆನಿ ಅದನ್ನು ಕೈಬಿಟ್ಟದ್ದು 2018ರಲ್ಲಿ ಸುದ್ದಿಯಾಯಿತು.

ಮನುಷ್ಯರು ಮೇಲೆಂದು ಹೇಳುವಂತೆಯೂ ಇಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಎಂಬ ವಿದ್ವಾಂಸರ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಖಾಸಗಿ ಕಂಪೆನಿಗಳ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಕಳಿಸಿದ್ದರು. ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದರಷ್ಟು. ಇದನ್ನು ಕೇಳಿ ಸಿಟ್ಟು ಬರುವುದು ಸಹಜ, ಬರಲಿ. ಆದರೆ ಕರೆ ಬಾರದ ಪ್ರತಿ ಸಲವೂ ತಾನೇ ದಡ್ಡನೆಂದು ಕೊರಗುವ ಹುಡುಗ ಈ ಅಂಕಿಯನ್ನು ತಿಳಿದಿರಬೇಕು. ನಷ್ಟ ಕಂಪೆನಿಗೂ ಆಗಿದೆ. ತಕ್ಕವರು ಬರಲಿಲ್ಲ ಎಂದು ಗೋಳಾಡುವವರ ಕಸದ ಬುಟ್ಟಿಯಲ್ಲೇ ತಕ್ಕವರ ಅರ್ಜಿ ಇರುತ್ತದೆ.

ಹಾಗಾದರೆ ಪ್ರತಿಭೆಯನ್ನು ಗುರುತಿಸುವುದು ಹೇಗೆ? ಹರಟೆಯಂತಹ ಸಂದರ್ಶನದಲ್ಲಿ ಗೆಲ್ಲುವುದು ಸಾಮಾನ್ಯವಾಗಿ ಸಂದರ್ಶಕನ ಮಾತಿನ ಧಾಟಿಯವರೇ. ಎಲ್ಲರಿಗೂ ಅವೇ ಪ್ರಶ್ನೆ ಕೇಳಿ, ಮೊದಲೇ ಗೊತ್ತುಮಾಡಿದ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ ಮತ್ತು ಹುದ್ದೆಯ ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡುವುದು, ಇವೆರಡೂ ಹೆಚ್ಚು ನಂಬಿಕೆಗೆ ಅರ್ಹವೆಂದು ಸಂಶೋಧನೆಗಳು ಹೇಳುತ್ತವೆ. ಆದ್ದರಿಂದ ವಿದ್ಯಾರ್ಥಿಗಳೇ, ಅರ್ಜಿಯಲ್ಲಿ ಕಠಿಣ ಪರಿಶ್ರಮಿ ಎಂದು ಬರೆಯಬೇಡಿ, ಎಲ್ಲರೂ ಬರೆಯುತ್ತಾರೆ. ನೀವು ಮಾಡಿದ ಪ್ರಾಜೆಕ್ಟ್, ಅಂಗಡಿಗೆ ಬರೆದುಕೊಟ್ಟ ಲೆಕ್ಕದ ಪ್ರೋಗ್ರಾಂ, ಯಾವುದಾದರೂ ಇರಲಿ, ತೆರೆದು ತೋರಿಸುವಂತಿರಲಿ. ಪಿಯುಸಿ ಅಂಕ ಕಡಿಮೆಯಿದ್ದರೆ ಕಾರಣವನ್ನು ಒಂದೇ ಸಾಲಿನಲ್ಲಿ ಬರೆಯಿರಿ.

ಅರ್ಜಿಯ ಪ್ರತಿ ತಂದವರು ಊಟದ ನಂತರ ಹಿಂದಿನ ಕೋಣೆಗೆ ಬನ್ನಿ, ಒಂದೊಂದಾಗಿ ನೋಡೋಣ. ಹೆಣ್ಣುಮಕ್ಕಳು ಮೊದಲು ಬರಲಿ, ಅವರಿಗೆ ಸಂಜೆಯ ಬಸ್ಸು ಹಿಡಿಯುವುದಿದೆ.